ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಸೇವೆಗಳನ್ನು ವರ್ಗಾಯಿಸುವ ಕ್ರಮ

ಗ್ರಾಮಾಂತರದ ರೈತನ ಲೆಕ್ಕಪತ್ರಗಳಲ್ಲಿ ಬಹುಭಾಗವು ಈಗ ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಸೇರಿರುವುದು ಸರ್ವರಿಗೂ ತಿಳಿದ ಸಂಗತಿಯಾಗಿದೆ. ನಮ್ಮ ರಾಜ್ಯದಲ್ಲಿ ೨೦೦೦ನೆಯ ಇಸವಿಯ ಸುಮಾರಿನಲ್ಲಿ ಕಾರ್ಯರೂಪಕ್ಕೆ ಬಂದ “ಭೂಮಿ” ಯೋಜನೆಯ ಮೂಲಕ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಪಟ್ಟ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರಿನಲ್ಲಿ ದಾಖಲಾದವು. ೨೦೨೨ನೆಯ ಇಸವಿ ಜೂನ್ ೨೯ರಂದು ಕೇಂದ್ರ ಮಂತ್ರಿಮಂಡಲವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಗಳನ್ನು ಇದೇ ಕ್ರಮಕ್ಕೆ ತರುವುದಕ್ಕಾಗಿ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾದಾಗ ಸಂಘದ ಆಧಾರವೆಲ್ಲವೂ ಖಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿತ್ತು. ಈಗ ಆ ಸ್ಥಾನವನ್ನು ಯಂತ್ರವು ಪಡೆದಿದೆ.

ಪುಸ್ತಕವು ತುಂಬಿದರೆ ಹೊಸ ಪುಸ್ತಕವನ್ನು ತೆರೆಯುವಂತೆ, ಯಂತ್ರವು ಹಳೆಯದಾದರೆ ಹೊಸದನ್ನು ತರಲೇಬೇಕು. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ತಮ್ಮ ಗ್ರಾಮದ ಸಂಘಗಳಲ್ಲಿ ಅಧ್ಯಕ್ಷರಾಗಿಯೋ ನಿರ್ದೇಶಕರಾಗಿಯೋ ಇರುವ ಮಹನೀಯರು. ಹೊಸ ಸರ್ವರನ್ನು ಕೊಳ್ಳುವ ಠರಾವಿಗೆ ಸಹಿ ಹಾಕುವವರು ಅವರೇ. ಗುತ್ತಿಗೆದಾರನು “ಇದು ಒಂದು ರಾತ್ರಿಯ ಕೆಲಸ” ಎಂದು ಹೇಳಿದಾಗ ಆ ರಾತ್ರಿಗೆ ಮೊದಲು ಏನೇನು ನಡೆದಿರಬೇಕು, ಅನಂತರ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಅವರು ತಿಳಿದಿರುವುದು ಅವಶ್ಯಕವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ವಿಷಯದ ಮಹತ್ವವು ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಒಬ್ಬ ರೈತನು ಬೆಳೆಸಾಲದ ೪೦,೦೦೦ ರೂಪಾಯಿಗಳನ್ನು ಗಡುವಿನ ದಿನ ಮಧ್ಯಾಹ್ನ ಸಂಘಕ್ಕೆ ಕಟ್ಟಿ ರಸೀದಿಯನ್ನು ಪಡೆದನೆಂದು ಇಟ್ಟುಕೊಳ್ಳೋಣ. ಆ ದಿನ ಬೆಳಿಗ್ಗೆಯೇ ಲೆಕ್ಕಗಳನ್ನು ಹೊಸ ಸರ್ವರಿಗೆ ನಕಲು ಮಾಡಿ ಮುಗಿಸಿದ್ದು, ಈತನ ಹಣವು ಹಳೆಯ ಸರ್ವರಿನಲ್ಲಿ ಮಾತ್ರ ಜಮೆಯಾಗಿದ್ದರೆ, ಮಾರನೆಯ ದಿನ ಹೊಸ ಸರ್ವರು ಈತನನ್ನು ಸುಸ್ತಿದಾರನೆಂದು ತೋರಿಸುವುದು. ಬಡ್ಡಿಯ ರಿಯಾಯಿತಿಯು ತಪ್ಪಿ, ಬಿತ್ತನೆಯ ಕಾಲಕ್ಕೆ ಹೊಸ ಸಾಲವೂ ದೊರೆಯದೆ ಹೋಗಬಹುದು. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಎರಡು ಯಂತ್ರಗಳು ಏಕಕಾಲದಲ್ಲಿ ಲೆಕ್ಕವನ್ನು ಹಿಡಿದುದೊಂದೇ ಕಾರಣ. ಆದುದರಿಂದ ಒಂದು ಲೆಕ್ಕವನ್ನು ಒಂದು ಹೊತ್ತಿನಲ್ಲಿ ಒಂದೇ ಯಂತ್ರದಲ್ಲಿ ಬರೆಯತಕ್ಕದ್ದು ಎಂಬುದೇ ಈ ಕಾರ್ಯದ ಮೂಲ ಸೂತ್ರ. ಮುಂದೆ ಹೇಳುವ ಕ್ರಮಗಳಲ್ಲಿ ಮುಖ್ಯವಾದವೆಲ್ಲವೂ ಈ ಸೂತ್ರದ ರಕ್ಷಣೆಗಾಗಿಯೇ ಏರ್ಪಟ್ಟಿವೆ.

ಸರ್ವರಿನ ಸ್ವರೂಪ

ಕಛೇರಿಯಲ್ಲಿ ನಾಲ್ಕಾರು ಕಂಪ್ಯೂಟರುಗಳಿದ್ದಲ್ಲಿ, ಅವುಗಳಿಗೆಲ್ಲಾ ಬೇಕಾದುದನ್ನು ಒದಗಿಸಿಕೊಡುವ ಮುಖ್ಯ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಇದನ್ನು ಕೆರೆಗೂ, ಗುಮಾಸ್ತರ ಮೇಜಿನ ಮೇಲಣ ಯಂತ್ರಗಳನ್ನು ಗದ್ದೆಗಳಿಗೂ, ನಡುವಣ ತಂತಿಗಳನ್ನು ಕಾಲುವೆಗಳಿಗೂ ಹೋಲಿಸಬಹುದು. ಕೆರೆಯು ಒಂದೇ ಆದರೂ ಅದರ ತೂಬುಗಳು ಹಲವಾಗಿರುವಂತೆ, ಸರ್ವರು ಒಂದೇ ಆದರೂ ಅದು ಸಲ್ಲಿಸುವ ಸೇವೆಗಳು ಹಲವು. ಸದಸ್ಯರ ಖಾತೆಗಳನ್ನು ಕಾಪಾಡುವುದು, ಪತ್ರಗಳನ್ನೂ ನಮೂನೆಗಳನ್ನೂ ಸಂಗ್ರಹಿಸಿಡುವುದು, ಪ್ರಿಂಟರಿಗೆ ಕೆಲಸವನ್ನು ಕಳುಹಿಸುವುದು, ಪ್ರತಿಯೊಂದು ಯಂತ್ರಕ್ಕೂ ಜಾಲದ ವಿಳಾಸವನ್ನು ಹಂಚುವುದು, ಹೆಸರು ಹೇಳಿದರೆ ವಿಳಾಸವನ್ನು ತಿಳಿಸುವುದು, ಎಲ್ಲಾ ಯಂತ್ರಗಳ ಗಡಿಯಾರವನ್ನು ಸರಿಯಾಗಿಡುವುದು, ರಾತ್ರಿಯ ವೇಳೆ ಲೆಕ್ಕಗಳ ಪ್ರತಿಯನ್ನು ತೆಗೆದಿಡುವುದು, ಇವು ಸಾಮಾನ್ಯವಾದ ಸೇವೆಗಳು. ಸರ್ವರನ್ನು ಬದಲಾಯಿಸುವುದೆಂದರೆ ಈ ಎಲ್ಲಾ ತೂಬುಗಳನ್ನೂ ಹೊಸ ಕೆರೆಯಿಂದ ನಡೆಯಿಸುವುದೆಂದು ಅರ್ಥ. ಒಂದು ತೂಬನ್ನು ಮರೆತರೂ ಅದರ ಕೆಳಗಿನ ಗದ್ದೆಯು ಒಣಗುವುದು.

ಬದಲಾವಣೆಯ ಅಗತ್ಯ

“ನಡೆಯುತ್ತಿರುವ ಯಂತ್ರವನ್ನು ಏಕೆ ಬದಲಾಯಿಸಬೇಕು?” ಎಂದು ಕೆಲವರು ಕೇಳುವುದುಂಟು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಲೆಕ್ಕಗಳನ್ನು ಹಿಡಿದಿರುವ ಡಿಸ್ಕುಗಳು ಸವೆಯುವ ವಸ್ತುಗಳು. ಅವು ಮುನ್ಸೂಚನೆಯಿಲ್ಲದೆ ನಿಲ್ಲಬಹುದು. ಎರಡನೆಯದಾಗಿ, ಯಂತ್ರವನ್ನು ನಡೆಯಿಸುವ ಮೂಲ ಸಾಫ್ಟ್‌ವೇರಿಗೆ ತಯಾರಕರು ಒಂದು ಅವಧಿಯವರೆಗೆ ಮಾತ್ರ ದೋಷಪರಿಹಾರಗಳನ್ನು ಕಳುಹಿಸುತ್ತಾರೆ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಸರ್ವರ್ ೨೦೧೨ ಎಂಬುದರ ಸಾಮಾನ್ಯ ಅವಧಿಯು ೨೦೨೩ನೆಯ ಅಕ್ಟೋಬರ್ ೧೦ರಂದೂ, ಉಚಿತವಾಗಿ ದೊರೆಯುವ ಸೆಂಟ್‌ಒಎಸ್ ೭ ಎಂಬುದರ ಅವಧಿಯು ೨೦೨೪ನೆಯ ಜೂನ್ ೩೦ರಂದೂ ಮುಗಿದುವು. ಅವಧಿ ಮುಗಿದ ಮೇಲೆ ಹೊರಬೀಳುವ ದೋಷಗಳು ಮುಚ್ಚದೆ ಹಾಗೆಯೇ ಉಳಿಯುವುವು.

ಇಂತಹ ದೋಷಗಳಿಂದಾಗುವ ಹಾನಿಯು ಅಲ್ಪವಾದುದಲ್ಲ. ೨೦೧೭ನೆಯ ಮೇ ತಿಂಗಳಲ್ಲಿ “ವನ್ನಾಕ್ರೈ” ಎಂಬ ದುಷ್ಟ ಪ್ರೋಗ್ರಾಂ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಿ, ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣವನ್ನು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಇದರಿಂದ ಬಾಧಿತವಾದವು. ಅದು ಬಳಸಿಕೊಂಡ ದೋಷಕ್ಕೆ ಪರಿಹಾರವು ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಹೊರಬಂದಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳು ಉಳಿದುವು. ಹಾಕಿಕೊಳ್ಳದೆ ಇದ್ದವುಗಳು ತುತ್ತಾದುವು. ಆದುದರಿಂದ ಹಳೆಯ ಸರ್ವರು ನಡೆಯುತ್ತಿರುವಾಗಲೇ, ಅದರಿಂದ ಲೆಕ್ಕಗಳನ್ನು ನಿಧಾನವಾಗಿ ತೆಗೆದುಕೊಳ್ಳಲು ಅವಕಾಶವಿರುವಾಗಲೇ, ವರ್ಗಾವಣೆಯನ್ನು ನಡೆಯಿಸುವುದು ವಿವೇಕವು.

ಸೇವೆಗಳ ಪಟ್ಟಿ

ಮೊದಲನೆಯ ಕೆಲಸವು ಪಟ್ಟಿ ಬರೆಯುವುದು. ಹಳೆಯ ಸರ್ವರು ಯಾವ ಯಾವ ಸೇವೆಗಳನ್ನು, ಯಾವ ಯಂತ್ರಗಳಿಗೆ, ಯಾವ ವೇಳೆಯಲ್ಲಿ ಸಲ್ಲಿಸುತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆಯತಕ್ಕದ್ದು. ಒಂದು ದಿನ ನೋಡಿದರೆ ಸಾಲದು; ಕನಿಷ್ಠ ಪಕ್ಷ ಒಂದು ಪೂರ್ಣ ತಿಂಗಳು ಗಮನಿಸಬೇಕು. ಬಡ್ಡಿಯನ್ನು ಲೆಕ್ಕ ಹಾಕುವ ಕೆಲಸವು ತಿಂಗಳಿಗೆ ಒಂದು ಸಾರಿ ಮಾತ್ರ ತಾನಾಗಿ ನಡೆಯುವಂತೆ ಏರ್ಪಡಿಸಿದ್ದಿರಬಹುದು. ಬೇಸಿಗೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವ ಬಾವಿಯು ಮಳೆಗಾಲದಲ್ಲಿ ಕಣ್ಣಿಗೆ ಬೀಳದಿರುವಂತೆ, ಇಂತಹ ಸೇವೆಯು ಪಟ್ಟಿಯಿಂದ ತಪ್ಪಿಹೋಗಿ, ತಿಂಗಳ ಕೊನೆಯಲ್ಲಿ ಬಡ್ಡಿಯು ಬೀಳದೆ ಹೋದಾಗ ಮಾತ್ರ ನೆನಪಿಗೆ ಬರುವುದು.

ಪ್ರತಿಯೊಂದು ಸೇವೆಯ ಮುಂದೆ ಅದನ್ನು ಬಲ್ಲ ಗುಮಾಸ್ತರ ಹೆಸರನ್ನೂ, ಅದು ಸರಿಯಾಗಿದೆಯೆಂದು ಕಂಡುಕೊಳ್ಳುವ ಬಗೆಯನ್ನೂ ಬರೆದಿಟ್ಟರೆ ಮುಂದಿನ ಪರೀಕ್ಷೆಗೆ ಅದೇ ಆಧಾರವಾಗುವುದು.

ವಿಳಾಸವೂ ಹೆಸರೂ

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ೧೯೨.೧೬೮.೧.೧೦ ಎಂಬಂತಹ ನಾಲ್ಕು ಭಾಗಗಳ ಸಂಖ್ಯೆಯೊಂದು ವಿಳಾಸವಾಗಿರುವುದು. ಸಂಖ್ಯೆಯನ್ನು ನೆನಪಿಡುವುದು ಕಷ್ಟವಾದುದರಿಂದ ಯಂತ್ರಗಳಿಗೆ ಹೆಸರನ್ನೂ ಇಡುವರು. ಹೆಸರಿನಿಂದ ಸಂಖ್ಯೆಯನ್ನು ತಿಳಿಸುವ ಏರ್ಪಾಟಿಗೆ ಡಿ.ಎನ್.ಎಸ್. ಎಂದು ಹೆಸರು, ಇದನ್ನು ೧೯೮೩ರಲ್ಲಿ ಅಮೆರಿಕಾ ದೇಶದ ಪಾಲ್ ಮೊಕಾಪೆಟ್ರಿಸ್ ಎಂಬವರು ರೂಪಿಸಿದರು. ಹೊಸ ಸರ್ವರಿಗೆ ಬೇರೆ ಸಂಖ್ಯೆಯಿದ್ದರೂ ಹಳೆಯ ಹೆಸರನ್ನೇ ಅದಕ್ಕೆ ತಿರುಗಿಸಿದರೆ, ಹೆಸರು ಹಿಡಿದು ಕೇಳುವ ಯಂತ್ರಗಳೆಲ್ಲವೂ ತಾವಾಗಿಯೇ ಹೊಸ ಕಡೆಗೆ ಹೋಗುವುವು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಒಮ್ಮೆ ತಿಳಿದ ಉತ್ತರವನ್ನು ಯಂತ್ರಗಳು ಒಂದು ಅವಧಿಯವರೆಗೆ ನೆನಪಿನಲ್ಲಿಟ್ಟುಕೊಂಡು ಮತ್ತೆ ಕೇಳುವುದಿಲ್ಲ. ಈ ಅವಧಿಯು ಅನೇಕ ಕಡೆಗಳಲ್ಲಿ ೮೬,೪೦೦ ಸೆಕೆಂಡುಗಳು, ಅಂದರೆ ಒಂದು ದಿನ, ಇರುವುದುಂಟು. ಆದಕಾರಣ ರಾತ್ರಿ ಹೆಸರನ್ನು ತಿರುಗಿಸಿದರೂ ಕೆಲವು ಯಂತ್ರಗಳು ಮಾರನೆಯ ದಿನವೆಲ್ಲಾ ಹಳೆಯ ಸರ್ವರಿನ ಬಾಗಿಲನ್ನೇ ತಟ್ಟುತ್ತಿರುವುವು. ಇದನ್ನು ತಪ್ಪಿಸಲು, ವರ್ಗಾವಣೆಗೆ ಎರಡು ದಿನ ಮುಂಚಿತವಾಗಿ ಆ ಅವಧಿಯನ್ನು ೩೦೦ ಸೆಕೆಂಡುಗಳಿಗೆ ಇಳಿಸತಕ್ಕದ್ದು. ಹಾಗೆ ಮಾಡಿದಲ್ಲಿ ಐದು ನಿಮಿಷಗಳೊಳಗೆ ಎಲ್ಲವೂ ಹೊಸ ಸಂಖ್ಯೆಯನ್ನು ಕೇಳಿ ತಿಳಿಯುವುವು. ಅದೇ ರಾತ್ರಿ ಇಳಿಸಿದರೆ ಪ್ರಯೋಜನವಿಲ್ಲ. ಹಳೆಯ ಅವಧಿಯ ಉತ್ತರವು ಆಗಲೇ ಹಂಚಿಹೋಗಿರುತ್ತದೆ. ಕೆಲಸವು ಸುಸೂತ್ರವಾಗಿ ಮುಗಿದ ಮೇಲೆ ಅವಧಿಯನ್ನು ಮೊದಲಿನಂತೆ ಏರಿಸಬಹುದು.

ಎರಡನೆಯದಾಗಿ, ಕೆಲವು ಯಂತ್ರಗಳಲ್ಲಿಯೂ ಪ್ರಿಂಟರುಗಳಲ್ಲಿಯೂ ಹೆಸರಿಗೆ ಬದಲಾಗಿ ಸಂಖ್ಯೆಯನ್ನೇ ಯಾರೋ ಬರೆದಿಟ್ಟಿರುವುದುಂಟು. ಅಂತಹವುಗಳನ್ನು ಒಂದೊಂದಾಗಿ ಹುಡುಕಿ ಮುಂಚಿತವಾಗಿಯೇ ಹೆಸರಿಗೆ ಬದಲಾಯಿಸಬೇಕು.

ಯಂತ್ರಗಳಿಗೆ ವಿಳಾಸವನ್ನು ಹಂಚುವ ಸೇವೆಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ಜಮೀನನ್ನು ವಾಯಿದೆಯ ಮೇಲೆ ಗುತ್ತಿಗೆಗೆ ಕೊಡುವಂತೆ ಇದು ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವನ್ನು ವಾಯಿದೆಯ ಮೇಲೆ ಕೊಡುವುದು. ವಾಯಿದೆಯ ಅರ್ಧ ಕಳೆದಾಗ ಯಂತ್ರವು ಅದನ್ನು ಮುಂದುವರಿಸಿಕೊಡುವಂತೆ ಕೇಳುವುದು. ಹಳೆಯ ಸರ್ವರೂ ಹೊಸ ಸರ್ವರೂ ಒಂದನ್ನೊಂದು ಅರಿಯದೆ ಅದೇ ವಿಳಾಸಗಳನ್ನು ಹಂಚಲು ತೊಡಗಿದರೆ, ಒಂದೇ ಸರ್ವೆ ನಂಬರನ್ನು ಇಬ್ಬರಿಗೆ ಕ್ರಯ ಮಾಡಿಕೊಟ್ಟಂತಾಗಿ ಎರಡು ಯಂತ್ರಗಳೂ ಕೆಲಸ ಮಾಡದಂತಾಗುವುವು. ಆದುದರಿಂದ ಕೊಟ್ಟಿರುವ ವಾಯಿದೆಗಳ ಪಟ್ಟಿಯನ್ನು ಹೊಸ ಸರ್ವರಿಗೆ ಒಯ್ದು, ಹಳೆಯದರಲ್ಲಿ ಈ ಸೇವೆಯನ್ನು ನಿಲ್ಲಿಸಿದ ಮೇಲೆಯೇ ಹೊಸದರಲ್ಲಿ ತೆರೆಯತಕ್ಕದ್ದು.

ಲೆಕ್ಕಗಳ ನಕಲು

ನಾಟಿ ಮಾಡುವ ರೈತನು ಗದ್ದೆಯನ್ನು ಉತ್ತು, ಕೆಸರು ಮಾಡಿ, ಮಟ್ಟಸಗೊಳಿಸಿದ ಮೇಲೆಯೇ ಒಟ್ಟಲಿನಿಂದ ಪೈರನ್ನು ಕೀಳುತ್ತಾನೆ. ಕಿತ್ತ ಪೈರನ್ನು ದಡದ ಮೇಲಿಟ್ಟು ಗದ್ದೆಯನ್ನು ಉಳಲು ಹೋಗುವವರು ಯಾರೂ ಇಲ್ಲ. ಹಾಗೆಯೇ ಹೊಸ ಸರ್ವರಿನಲ್ಲಿ ಎಲ್ಲಾ ಸಾಫ್ಟ್‌ವೇರನ್ನೂ ಸಿದ್ಧಪಡಿಸಿ, ಒಂದು ಪೂರ್ಣ ನಕಲನ್ನು ಅದರಲ್ಲಿಟ್ಟು, ಒಂದು ವಾರ ಕಾಲ ಒಬ್ಬಿಬ್ಬರು ಗುಮಾಸ್ತರು ಅದನ್ನು ಪರೀಕ್ಷಿಸಿ ನೋಡತಕ್ಕದ್ದು. ಈ ವಾರದಲ್ಲಿ ನಿಜವಾದ ಲೆಕ್ಕವು ಹಳೆಯ ಸರ್ವರಿನಲ್ಲಿ ಮಾತ್ರ ಬರೆಯಲ್ಪಡಬೇಕು. ಹೊಸದರಲ್ಲಿ ಬರೆದುದೆಲ್ಲವೂ ಪರೀಕ್ಷೆಗಾಗಿಯೇ ಹೊರತು ಉಳಿಸುವುದಕ್ಕಲ್ಲ.

ನಕಲು ಮಾಡುವುದರಲ್ಲಿಯೂ ಭೇದವಿದೆ. ಪತ್ರಗಳು, ನಮೂನೆಗಳು ಮೊದಲಾದ ಕಡತಗಳನ್ನು ಹಾಗೆಯೇ ನಕಲು ಮಾಡಬಹುದು. ೧೯೯೬ರಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬವರು ಹೊರತಂದ “ಆರ್‌ಸಿಂಕ್” ಎಂಬ ಸಾಧನವು, ಮೊದಲ ನಕಲಾದ ಅನಂತರ ಬದಲಾದ ಭಾಗಗಳನ್ನು ಮಾತ್ರ ಕಳುಹಿಸುವುದರಿಂದ ಕೊನೆಯ ನಕಲು ಶೀಘ್ರವಾಗಿ ಮುಗಿಯುವುದು. ಆದರೆ ಸದಸ್ಯರ ಖಾತೆಗಳಿರುವ ದತ್ತಾಂಶ ಭಂಡಾರವನ್ನು, ಅಂದರೆ ಡೇಟಾಬೇಸನ್ನು, ಅದು ನಡೆಯುತ್ತಿರುವಾಗ ಕಡತಗಳಂತೆ ಎತ್ತಿ ನಕಲು ಮಾಡಕೂಡದು. ಗುಮಾಸ್ತರು ಬರೆಯುತ್ತಿರುವ ಖಾತೆ ಪುಸ್ತಕವನ್ನು ಪುಟಪುಟವಾಗಿ ಚಿತ್ರ ತೆಗೆದರೆ, ಖರ್ಚು ಒಂದು ಪುಟದಲ್ಲಿ ಬಿದ್ದು ಜಮೆಯು ಇನ್ನೊಂದು ಪುಟದಲ್ಲಿ ಬೀಳದೆ ಇರುವ ನಕಲು ದೊರೆಯುವುದು. ಡೇಟಾಬೇಸಿಗೆ ತನ್ನ ಪ್ರತಿಯನ್ನು ತಾನೇ ಒಂದು ಹೊತ್ತಿಗೆ ಸರಿಹೊಂದುವಂತೆ ತೆಗೆದುಕೊಡುವ ಕ್ರಮವುಂಟು. ಅದನ್ನೇ ಅನುಸರಿಸಬೇಕು.

ಕಡತಗಳ ಹಕ್ಕಿನ ವಿಷಯದಲ್ಲಿಯೂ ಜಾಗ್ರತೆ ಬೇಕು. ಲಿನಕ್ಸ್ ಜಾತಿಯ ಯಂತ್ರಗಳು ಕಡತದ ಒಡೆಯನನ್ನು ಹೆಸರಿನಿಂದ ಗುರುತಿಸದೆ ಒಂದು ಸಂಖ್ಯೆಯಿಂದ ಗುರುತಿಸುತ್ತವೆ. ಹಳೆಯ ಸರ್ವರಿನಲ್ಲಿ ೧೦೦೧ ಎಂಬುದು ಕಾರ್ಯದರ್ಶಿಯ ಸಂಖ್ಯೆಯಾಗಿದ್ದು, ಹೊಸದರಲ್ಲಿ ಅದೇ ಸಂಖ್ಯೆಯು ಬೇರೊಬ್ಬರಿಗೆ ಬಿದ್ದಿದ್ದರೆ, ಕಾರ್ಯದರ್ಶಿಯ ಕಡತಗಳೆಲ್ಲವೂ ಆ ಬೇರೊಬ್ಬರ ಸ್ವಾಧೀನಕ್ಕೆ ಹೋಗುವುವು. ಆದುದರಿಂದ ಈ ಸಂಖ್ಯೆಗಳನ್ನು ಮೊದಲೇ ಹೊಂದಿಸಿಡತಕ್ಕದ್ದು.

ಕನ್ನಡ ಹೆಸರುಗಳು

ನಮ್ಮ ಪ್ರಾಂತದಲ್ಲಿ ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ಮೊದಲಿನಿಂದಲೇ ಸ್ಥಾನವಿದ್ದರೂ, ಬಹುಕಾಲದವರೆಗೆ ಇಲ್ಲಿ ಬರೆಯಿಸಿದ ಲೆಕ್ಕಗಳಲ್ಲಿ ಅನೇಕವು ಒಂದೊಂದು ಅಕ್ಷರಜಾತಿಗೆ ಮಾತ್ರ ಹೊಂದುವ ಹಳೆಯ ಸಂಕೇತಗಳಲ್ಲಿವೆ. ಆ ಅಕ್ಷರಜಾತಿಯು ಹೊಸ ಸರ್ವರಿನಲ್ಲಿಯೂ ಅದಕ್ಕೆ ಸೇರಿದ ಯಂತ್ರಗಳಲ್ಲಿಯೂ ಇಲ್ಲದಿದ್ದರೆ, ಸದಸ್ಯರ ಹೆಸರುಗಳಿರುವ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುವುವು. ಇಂತಹ ಲೆಕ್ಕಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳೂ ಅರ್ಕಾವತ್ತೂ ಇರುವ ಹೆಸರುಗಳನ್ನು ಆರಿಸಿ ಹಳೆಯ ಪಾಸ್ ಪುಸ್ತಕಗಳೊಂದಿಗೆ ತಾಳೆ ನೋಡಬೇಕು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಪಹಣಿಗೂ ಖಾತೆಗೂ ಹೊಂದದೆ ಸದಸ್ಯನು ಅಲೆದಾಡಬೇಕಾಗುವುದು.

ಕಾಲದ ಆಯ್ಕೆ

ಬಿತ್ತನೆಗೆ ಹದ ನೋಡುವಂತೆ ಈ ಕೆಲಸಕ್ಕೂ ಕಾಲವನ್ನು ನೋಡಬೇಕು. ಮಾರ್ಚ್ ತಿಂಗಳ ಕೊನೆ, ಸಾಲ ವಸೂಲಿಯ ಗಡುವಿನ ದಿನಗಳು, ಮುಂಗಾರಿನ ಸಾಲ ಹಂಚಿಕೆಯ ಕಾಲ, ಗೊಬ್ಬರದ ಮಾರಾಟವು ಭರದಿಂದಿರುವ ವಾರಗಳು, ಇವುಗಳನ್ನು ಬಿಡತಕ್ಕದ್ದು. ವ್ಯವಹಾರವು ವಿರಳವಾಗಿರುವ ವಾರದಲ್ಲಿ, ರಜೆಯ ಹಿಂದಿನ ಸಾಯಂಕಾಲವನ್ನು ಆರಿಸಿಕೊಂಡರೆ, ತೊಂದರೆ ಬಂದಲ್ಲಿ ಸರಿಪಡಿಸಲು ಒಂದು ಪೂರ್ಣ ದಿನ ದೊರೆಯುವುದು. ದಿನವನ್ನು ಒಂದು ವಾರ ಮುಂಚಿತವಾಗಿ ಸಂಘದ ಬಾಗಿಲಿನಲ್ಲಿ ಬರೆದು ಹಾಕುವುದು ಸದಸ್ಯರಿಗೆ ಉಪಕಾರಕವು.

ವರ್ಗಾವಣೆಯ ದಿನದ ಕ್ರಮ

೧. ಕಛೇರಿಯು ಮುಚ್ಚಿದ ಮೇಲೆ ಹಳೆಯ ಸರ್ವರಿನಲ್ಲಿ ಬರೆಯುವ ಅಧಿಕಾರವನ್ನು ಎಲ್ಲರಿಗೂ ನಿಲ್ಲಿಸಬೇಕು. ಓದಲು ಮಾತ್ರ ಅವಕಾಶವಿರಲಿ.

೨. ದಿನದ ಶಿಲ್ಕು, ಖಾತೆಗಳ ಸಂಖ್ಯೆ, ಸಾಲದ ಒಟ್ಟು ಬಾಕಿ, ಠೇವಣಿಗಳ ಒಟ್ಟು ಮೊತ್ತ, ಕೊನೆಯ ರಸೀದಿಯ ನಂಬರು, ಇವುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕಾರ್ಯದರ್ಶಿಯೂ ಒಬ್ಬ ನಿರ್ದೇಶಕರೂ ಸಹಿ ಮಾಡಬೇಕು.

೩. ಪರೀಕ್ಷೆಗಾಗಿ ಹೊಸ ಸರ್ವರಿನಲ್ಲಿ ಬರೆದಿದ್ದ ಲೆಕ್ಕಗಳನ್ನು ಅಳಿಸಿ, ಕೊನೆಯ ನಕಲನ್ನು ಸೇರಿಸಬೇಕು.

೪. ಮೇಲಣ ಐದು ಅಂಕಿಗಳನ್ನು ಹೊಸ ಸರ್ವರಿನಿಂದ ತೆಗೆದು ತಾಳೆ ನೋಡಬೇಕು. ಒಂದು ಕಣಜದಿಂದ ಇನ್ನೊಂದಕ್ಕೆ ಧಾನ್ಯವನ್ನು ಸಾಗಿಸುವಾಗ ಚೀಲವನ್ನು ಎಣಿಸಿ ತೂಕವನ್ನೂ ನೋಡುವಂತೆ, ಒಟ್ಟು ಮೊತ್ತವಲ್ಲದೆ ಯಾವುದಾದರೂ ೨೦ ಖಾತೆಗಳನ್ನು ಬಿಡಿಯಾಗಿಯೂ ನೋಡಬೇಕು. ಒಂದು ರೂಪಾಯಿಯ ವ್ಯತ್ಯಾಸವಿದ್ದರೂ ಮುಂದುವರಿಯಕೂಡದು.

೫. ತಾಳೆಯಾದ ಮೇಲೆ ಹೆಸರನ್ನು ಹೊಸ ಸರ್ವರಿಗೆ ತಿರುಗಿಸಿ, ವಿಳಾಸ ಹಂಚುವ ಸೇವೆಯನ್ನು ಬದಲಾಯಿಸಿ, ಹಳೆಯ ಸರ್ವರಿನ ತಂತಿಯನ್ನು ಜಾಲದಿಂದ ಕಳಚಬೇಕು. ತಂತಿಯು ಕಳಚಿದ್ದಲ್ಲಿ ದಾರಿ ತಪ್ಪಿದ ಯಂತ್ರವು ಹಳೆಯ ಕಡೆಗೆ ಬರೆಯಲು ಸಾಧ್ಯವಾಗದೆ ಕೂಡಲೇ ದೂರು ಹೇಳುವುದು. ಇಲ್ಲದಿದ್ದರೆ ಅದು ಸದ್ದಿಲ್ಲದೆ ಹಳೆಯ ಖಾತೆಯಲ್ಲಿಯೇ ಬರೆಯುತ್ತಿರುವುದು.

೬. ಗಡಿಯಾರವನ್ನು ನೋಡಬೇಕು. ಹೊಸ ಯಂತ್ರಗಳು ಅನೇಕ ವೇಳೆ ಸಾರ್ವತ್ರಿಕ ಕಾಲಮಾನಕ್ಕೆ ಹೊಂದಿರುತ್ತವೆ. ಭಾರತದ ಕಾಲಮಾನವು ಅದಕ್ಕಿಂತ ೫ ಗಂಟೆ ೩೦ ನಿಮಿಷ ಮುಂದಿರುವುದರಿಂದ, ನಡುರಾತ್ರಿ ನಡೆಯಬೇಕಾದ ದಿನದ ಮುಕ್ತಾಯವು ಬೆಳಿಗ್ಗೆ ೫-೩೦ಕ್ಕೆ ನಡೆಯುವುದು.

೭. ಪಟ್ಟಿಯಲ್ಲಿರುವ ಪ್ರತಿಯೊಂದು ಸೇವೆಯನ್ನೂ ಆಯಾ ಗುಮಾಸ್ತರೇ ನಡೆಯಿಸಿ ನೋಡಿ ಗುರುತು ಹಾಕಬೇಕು.

ಹಿಂದಿರುಗುವ ದಾರಿ

ಅಂಕಿಗಳೆಲ್ಲವೂ ತಾಳೆಯಾದರೂ ಹೊಸ ವ್ಯವಸ್ಥೆಯು ಜನರ ನೂಕುನುಗ್ಗಲನ್ನು ತಡೆಯದಿರಬಹುದು. ಬ್ರಿಟನ್ನಿನ ಟಿ.ಎಸ್.ಬಿ. ಎಂಬ ಬ್ಯಾಂಕು ೨೦೧೮ನೆಯ ಏಪ್ರಿಲ್ ತಿಂಗಳಲ್ಲಿ ತನ್ನ ಸುಮಾರು ೫೦ ಲಕ್ಷ ಗಿರಾಕಿಗಳ ಲೆಕ್ಕಗಳನ್ನು ಒಂದು ವಾರದ ಕೊನೆಯಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ವರ್ಗಾಯಿಸಿತು. ಲೆಕ್ಕಗಳು ಸರಿಯಾಗಿಯೇ ಸೇರಿದವು. ಆದರೆ ವ್ಯವಸ್ಥೆಯು ಕೂಡಲೇ ತೊಂದರೆಗೊಳಗಾಗಿ ಬಹುಸಂಖ್ಯೆಯ ಗಿರಾಕಿಗಳು ತಮ್ಮ ಹಣವನ್ನು ತಾವೇ ಮುಟ್ಟಲಾರದೆ ಹೋದರು. ಎಲ್ಲವೂ ಸಾಮಾನ್ಯ ಸ್ಥಿತಿಗೆ ಬರುವುದಕ್ಕೆ ಆ ವರ್ಷದ ಡಿಸೆಂಬರ್ ತಿಂಗಳಾಯಿತು. ೨೦೨೨ರ ಡಿಸೆಂಬರಿನಲ್ಲಿ ಅಲ್ಲಿಯ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ೪ ಕೋಟಿ ೮೬ ಲಕ್ಷ ಪೌಂಡುಗಳಿಗೂ ಮಿಕ್ಕ ದಂಡವನ್ನು ವಿಧಿಸಿದವು. ಸಾಕಷ್ಟು ಪರೀಕ್ಷೆ ಮಾಡದೆ ಎಲ್ಲವನ್ನೂ ಏಕಕಾಲದಲ್ಲಿ ಸಾಗಿಸುವುದರ ಅಪಾಯವನ್ನು ಇದು ತೋರಿಸುತ್ತದೆ. ಪ್ರಿಂಟರು, ಪತ್ರಗಳ ಸಂಗ್ರಹ ಮೊದಲಾದ ಸಣ್ಣ ಸೇವೆಗಳನ್ನು ಮೊದಲು ಒಂದೊಂದಾಗಿ ಸಾಗಿಸಿ, ಖಾತೆಗಳನ್ನು ಕೊನೆಯಲ್ಲಿ ಸಾಗಿಸುವುದು ಕ್ಷೇಮಕರ.

ಹಿಂದಕ್ಕೆ ಹೋಗುವ ನಿರ್ಧಾರವನ್ನು ಯಾರು ಮಾಡತಕ್ಕದ್ದು, ಯಾವ ಗಂಟೆಯೊಳಗೆ ಮಾಡತಕ್ಕದ್ದು ಎಂಬುದು ಮೊದಲೇ ಗೊತ್ತಾಗಿರಬೇಕು. ಹೊಸ ಸರ್ವರಿನಲ್ಲಿ ಮೊದಲನೆಯ ರಸೀದಿಯು ಹರಿಯುವವರೆಗೆ ಹಿಂದಿರುಗುವುದು ಸುಲಭ. ರಸೀದಿಗಳು ಹರಿಯಲಾರಂಭಿಸಿದ ಮೇಲೆ ಹಿಂದಿರುಗಿದರೆ ಅಷ್ಟು ರಸೀದಿಗಳನ್ನೂ ಹಳೆಯದರಲ್ಲಿ ಮತ್ತೆ ಬರೆಯಬೇಕು. ಇದಕ್ಕಾಗಿ ಮೊದಲ ವಾರದಲ್ಲಿ ಪ್ರತಿಯೊಂದು ವ್ಯವಹಾರವನ್ನೂ ಕಾಗದದ ಖಿರ್ದಿಯಲ್ಲಿಯೂ ಬರೆದಿಡತಕ್ಕದ್ದು.

ಹಳೆಯ ಸರ್ವರು

ಹಳೆಯ ಸರ್ವರನ್ನು ಕೂಡಲೇ ಅಳಿಸಿ ಬೇರೆ ಕೆಲಸಕ್ಕೆ ಹಚ್ಚುವುದು ಸರಿಯಲ್ಲ. ಅದನ್ನು ಇದ್ದ ಸ್ಥಿತಿಯಲ್ಲಿಯೇ ಬೀಗದೊಳಗಿಟ್ಟು, ಕನಿಷ್ಠ ಒಂದು ತಿಂಗಳ ಕೊನೆಯ ಲೆಕ್ಕವೂ ಸಾಧ್ಯವಾದರೆ ಒಂದು ಆಡಿಟ್ಟೂ ಮುಗಿಯುವವರೆಗೆ ಕಾಪಾಡಬೇಕು. ಅಷ್ಟರಲ್ಲಿ ಹೊಸ ಸರ್ವರಿನಿಂದ ತೆಗೆದ ರಾತ್ರಿಯ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ಅದರಿಂದ ಖಾತೆಗಳು ನಿಜವಾಗಿಯೂ ತೆರೆಯುವುವೇ ಎಂದು ನೋಡಬೇಕು. ಮೊಳಕೆಯ ಪರೀಕ್ಷೆ ಮಾಡದ ಬೀಜದ ಮೇಲೆ ಭರವಸೆಯಿಡುವುದು ಎಷ್ಟು ಸರಿಯೋ, ತೆರೆದು ನೋಡದ ಪ್ರತಿಯ ಮೇಲೆ ಭರವಸೆಯಿಡುವುದೂ ಅಷ್ಟೇ ಸರಿ. ಕೊನೆಗೆ ಹಳೆಯ ಯಂತ್ರವನ್ನು ಮಾರುವಾಗ ಡಿಸ್ಕನ್ನು ತೆಗೆದು ನಾಶಪಡಿಸತಕ್ಕದ್ದು. ಸದಸ್ಯರ ಆಧಾರ್ ಸಂಖ್ಯೆಯೂ ಸಾಲದ ವಿವರಗಳೂ ಗುಜರಿ ಅಂಗಡಿಗೆ ಹೋಗಕೂಡದು.

ಆಡಳಿತ ಮಂಡಳಿಯು ಕೇಳತಕ್ಕ ಪ್ರಶ್ನೆಗಳು

ಠರಾವಿಗೆ ಸಹಿ ಹಾಕುವ ಮುನ್ನ ಮಂಡಳಿಯವರು ಗುತ್ತಿಗೆದಾರನನ್ನೂ ಕಾರ್ಯದರ್ಶಿಯನ್ನೂ ಹೀಗೆ ಕೇಳಬಹುದು: ಸೇವೆಗಳ ಪಟ್ಟಿಯು ಸಿದ್ಧವಾಗಿದೆಯೇ, ಅದಕ್ಕಾಗಿ ಒಂದು ತಿಂಗಳು ಗಮನಿಸಿದ್ದೀರಾ? ಯಾವ ಗಂಟೆಯಿಂದ ಹಳೆಯದರಲ್ಲಿ ಬರೆಯುವುದು ನಿಲ್ಲುವುದು? ಯಾವ ಅಂಕಿಗಳನ್ನು ತಾಳೆ ನೋಡುವಿರಿ, ಯಾರು ಸಹಿ ಮಾಡುವರು? ಕನ್ನಡ ಹೆಸರುಗಳನ್ನು ಪರೀಕ್ಷಿಸಿದ್ದೀರಾ? ಹಿಂದಿರುಗಬೇಕಾದರೆ ಯಾವ ಗಂಟೆಯೊಳಗೆ, ಯಾರ ಆಜ್ಞೆಯಂತೆ? ಹಳೆಯ ಯಂತ್ರವನ್ನು ಎಲ್ಲಿ, ಎಷ್ಟು ಕಾಲ ಇಡುವಿರಿ? ಸಂಘದ ಲೆಕ್ಕವು ದೂರದ ಊರಿನ ದತ್ತಾಂಶ ಕೇಂದ್ರಕ್ಕೆ ಹೋಗುವುದಾದರೂ ಪ್ರಶ್ನೆಗಳು ಇವೇ.

ಈ ಆರು ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ, ಉತ್ತರವು ಬಾರದ ಪ್ರಶ್ನೆ ಒಂದಿದ್ದರೂ ದಿನವನ್ನು ಮುಂದಕ್ಕೆ ಹಾಕುವುದು ಯುಕ್ತವು. ವರ್ಗಾವಣೆಯು ಒಂದು ವಾರ ತಡವಾದರೆ ಸಂಘಕ್ಕೆ ದೊಡ್ಡ ನಷ್ಟವಿಲ್ಲ. ಕಟ್ಟಿದ ಹಣವು ಖಾತೆಯಲ್ಲಿ ಕಾಣದೆ ಹೋದರೆ ಬಡ ಹಿಡುವಳಿದಾರನಿಗೆ ಒಂದು ಬೆಳೆಯೇ ನಷ್ಟವಾದೀತು.